ಹುಂಡಿ ದುಡ್ಡು ಎಲ್ಲಿಗೆ ಹೋಗುತ್ತದೆ? ಗುಡಿಯ ವಿಷಯದಲ್ಲಿ ಸರ್ಕಾರಕ್ಕೆ ಏನು ಕೆಲಸ?

ಪ್ರಶ್ನೆ: ಸರ್, ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರಿನ ಆಂಜನೇಯ ಸ್ವಾಮಿ ಗುಡಿ ಮುಜರಾಯಿಗೆ ಸೇರಿದ್ದು, ‘ಸಿ’ ವರ್ಗ. ಹಿಂದೆ ಗುಡಿಗೆ ಇನಾಂ ಜಮೀನು ಇತ್ತಂತೆ, ಈಗ ಇಲ್ಲ. ಆರು ವರ್ಷದಿಂದ ಸಮಿತಿಯೂ ಇಲ್ಲ, ತಹಶೀಲ್ದಾರರೇ ಆಡಳಿತಾಧಿಕಾರಿ. ಮಳೆ ಬಂದರೆ ಗರ್ಭಗುಡಿ ಸೋರುತ್ತದೆ. ಈ ನಡುವೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ನಾವು ಹುಂಡಿಗೆ ಹಾಕುವ ದುಡ್ಡನ್ನು ಸರ್ಕಾರ ಮಸೀದಿ, ಚರ್ಚುಗಳಿಗೆ ಕೊಡುತ್ತದೆ ಅಂತ. ಅದನ್ನು ನೋಡಿ ಊರಿನ ಹುಡುಗರು ಒಂದು ‘ಅಭಿವೃದ್ಧಿ ಟ್ರಸ್ಟ್’ ಮಾಡಿ, ಗುಡಿ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಹುಂಡಿಗೆ ಹಾಕಬೇಡಿ, ಇಲ್ಲಿಗೆ ಹಾಕಿ ಅನ್ನುತ್ತಿದ್ದಾರೆ. ಅರ್ಚಕರು ಹೆದರಿದ್ದಾರೆ. ನನ್ನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅಲ್ಲಿ ಸರ್ಕಾರ ಚರ್ಚಿನ ತಂಟೆಗೇ ಹೋಗುವುದಿಲ್ಲ ಅನ್ನುತ್ತಾಳೆ. ನಮ್ಮದೂ ಜಾತ್ಯತೀತ ದೇಶ ಅಲ್ವಾ? ಹಾಗಿದ್ದರೆ ಸರ್ಕಾರ ಗುಡಿಯೊಳಗೆ ಯಾಕಿದೆ? ನಮ್ಮ ಗುಡಿಯನ್ನು ಮುಜರಾಯಿಯಿಂದ ಬಿಡಿಸಿಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಒಂದು. ಸರ್ಕಾರಕ್ಕೂ ಧರ್ಮಕ್ಕೂ ಏನು ಸಂಬಂಧ ಅನ್ನುವುದು ಇನ್ನೊಂದು. ಸೋರುವ ಗರ್ಭಗುಡಿಯನ್ನು ಯಾರು ರಿಪೇರಿ ಮಾಡಿಸಬೇಕು ಅನ್ನುವುದು ಮೂರನೆಯದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ದೇವಸ್ಥಾನಗಳ ಕೇಸು ನಡೆಸಿದವನಾಗಿ ಹೇಳುತ್ತೇನೆ, ಊರುಗಳಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಮೂರನೆಯದರಿಂದ. ಆಮೇಲೆ ಅದು ಮೊದಲ ಎರಡರ ಬಟ್ಟೆ ತೊಟ್ಟುಕೊಳ್ಳುತ್ತದೆ.

ಮೊದಲು ದುಡ್ಡಿನ ಮಾತು. ರಾಜ್ಯದಲ್ಲಿ ಇಲಾಖೆಗೆ ಸೇರಿದ ದೇವಸ್ಥಾನಗಳು 34 ಸಾವಿರಕ್ಕೂ ಹೆಚ್ಚು. ವರ್ಷದ ಆದಾಯ 25 ಲಕ್ಷಕ್ಕಿಂತ ಜಾಸ್ತಿ ಇದ್ದರೆ ‘ಎ’, 5ರಿಂದ 25 ಲಕ್ಷದ ಒಳಗಿದ್ದರೆ ‘ಬಿ’, 5 ಲಕ್ಷಕ್ಕಿಂತ ಕಡಿಮೆ ಇದ್ದರೆ ‘ಸಿ’. ಎ ಮತ್ತು ಬಿ ಎರಡೂ ಸೇರಿದರೆ 400ರ ಆಸುಪಾಸು. ಉಳಿದವೆಲ್ಲ ನಿಮ್ಮ ಆಂಜನೇಯನ ಗುಡಿಯಂಥವು. ಸರ್ಕಾರ ದೇವಸ್ಥಾನಗಳಿಂದ ಕೋಟಿಗಟ್ಟಲೆ ಬಾಚುತ್ತಿದೆ ಅನ್ನುವ ಮಾತು ಕೇಳಿದಾಗ ಈ ಲೆಕ್ಕ ನೆನಪಿರಲಿ. ಬಹುಪಾಲು ಗುಡಿಗಳಲ್ಲಿ ದೀಪದ ಎಣ್ಣೆಗೇ ಕಷ್ಟ.

ಹುಂಡಿ ಒಡೆದಾಗ ಎಣಿಸಿ, ಮಹಜರು ಬರೆದು, ದುಡ್ಡನ್ನು ಆ ದೇವಸ್ಥಾನದ ಹೆಸರಿನ ಬ್ಯಾಂಕ್ ಖಾತೆಗೇ ಕಟ್ಟಬೇಕು. ಸರ್ಕಾರದ ಖಜಾನೆಗೆ ಅದು ಹೋಗುವುದಿಲ್ಲ. ದೊಡ್ಡ ದೇವಸ್ಥಾನಗಳು ಮಾತ್ರ ಒಂದು ಪಾಲನ್ನು ‘ಸಾಮಾನ್ಯ ಸಂಗ್ರಹಣಾ ನಿಧಿ’ಗೆ ಕೊಡಬೇಕು. 2011ರ ತಿದ್ದುಪಡಿಯ ಪ್ರಕಾರ ಆದಾಯ 5ರಿಂದ 10 ಲಕ್ಷದವರೆಗೆ ಇದ್ದರೆ ನಿವ್ವಳ ಆದಾಯದ ಶೇ 5, ಹತ್ತು ಲಕ್ಷ ದಾಟಿದರೆ ಶೇ 10. ಆ ನಿಧಿ ಇರುವುದು ಬಡ ಹಿಂದೂ ದೇವಸ್ಥಾನಗಳಿಗೆ ಮತ್ತು ಅಂಥದ್ದೇ ಕೆಲಸಗಳಿಗೆ. 2024ರ ಫೆಬ್ರವರಿಯಲ್ಲಿ ದೊಡ್ಡ ಗದ್ದಲವಾಗಿದ್ದು ಈ ಪಾಲಿನ ಲೆಕ್ಕ ಬದಲಿಸುವ ಮಸೂದೆಯ ಮೇಲೆ. ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಶೇ 5, ಕೋಟಿ ದಾಟಿದರೆ ಒಟ್ಟು ಆದಾಯದ ಮೇಲೆ ಶೇ 10 ಅನ್ನುವುದು ಆ ಪ್ರಸ್ತಾಪ. ವಿಧಾನಸಭೆಯಲ್ಲಿ ಅದು ಪಾಸಾಯಿತು, ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು, ಆಮೇಲೆ ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು. ನಿವ್ವಳದ ಬದಲು ಒಟ್ಟು ಆದಾಯದ ಮೇಲೆ ಕೇಳುವುದು ಸರಿಯೇ ಅಂತ ಪ್ರಶ್ನಿಸುವುದರಲ್ಲಿ ಅರ್ಥವಿದೆ. ಖರ್ಚು ಕಳೆಯದೆ ಪಾಲು ಕೇಳಿದರೆ ಯಾವ ಸಂಸ್ಥೆಗೂ ಕಷ್ಟವೇ. ಆದರೆ ನಿಮ್ಮ ಗುಡಿ ಈ ಲೆಕ್ಕದಲ್ಲೇ ಬರುವುದಿಲ್ಲ. ‘ಸಿ’ ವರ್ಗ ನಿಧಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಅದು ನಿಧಿಯಿಂದ ಕೇಳಿ ಪಡೆಯಬೇಕಾದ ಗುಡಿ.

ಹಾಗಾದರೆ ಮಸೀದಿಗೆ ಹೋಗುತ್ತದೆ ಅನ್ನುವ ಮಾತು ಎಲ್ಲಿಂದ ಬಂತು? ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ, ಅದಕ್ಕೇ ಅದು ಸಾಯುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಗುಡಿಗೆ ಇನಾಂ ಜಮೀನಿತ್ತು ಅಂದಿರಿ. ರಾಜರ ಕಾಲದಲ್ಲಿ ಪೂಜೆ, ದೀಪ, ನೈವೇದ್ಯ ನಡೆಯಲಿ ಅಂತ ಕೊಟ್ಟ ಭೂಮಿ ಅದು. ಗುಡಿಗಳಿಗೆ ಮಾತ್ರವಲ್ಲ, ಮಸೀದಿ, ದರ್ಗಾಗಳಿಗೂ ಇಂಥ ಇನಾಂ ಇತ್ತು. ಮೈಸೂರಿನಲ್ಲಿ 1955ರಲ್ಲಿ ಧಾರ್ಮಿಕ ಇನಾಂ ರದ್ದತಿ ಕಾಯ್ದೆ ಬಂತು. ಆಮೇಲೆ 1974ರ ಭೂಸುಧಾರಣೆ ಬಂತು. ಜಮೀನು ಉಳುವವರ ಪಾಲಾಯಿತು. ನ್ಯಾಯವೇ ಆಯಿತು ಅಂತ ನಾನು ನಂಬುತ್ತೇನೆ. ಆದರೆ ಗುಡಿಯ ದೀಪಕ್ಕೆ ಎಣ್ಣೆ ಎಲ್ಲಿಂದ? ಕಳೆದುಹೋದ ಆ ಜಮೀನಿನ ಬದಲಿಗೆ ಸರ್ಕಾರ ವರ್ಷ ವರ್ಷ ಒಂದು ಮೊತ್ತ ಕೊಡುತ್ತದೆ. ಅದೇ ತಸ್ತಿಕ್. ನಿಮ್ಮ ಅರ್ಚಕರಿಗೆ ಇದರ ಹೆಸರು ಚೆನ್ನಾಗಿ ಗೊತ್ತಿರುತ್ತದೆ. 2025–26ರ ಬಜೆಟ್ಟಿನಲ್ಲಿ ಇದನ್ನು ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸುವುದಾಗಿ ಹೇಳಿದರು. ತಿಂಗಳಿಗೆ 6,000.

ಇನಾಂ ಕಳೆದುಕೊಂಡ ಕೆಲವು ಮಸೀದಿ, ದರ್ಗಾಗಳಿಗೂ ಹಳೆಯ ಪಟ್ಟಿಯಂತೆ ಇದೇ ಮುಜರಾಯಿ ಇಲಾಖೆಯ ಮೂಲಕ ತಸ್ತಿಕ್ ಹೋಗುತ್ತಿತ್ತು. 2021ರಲ್ಲಿ ಆಗಿನ ಮುಜರಾಯಿ ಸಚಿವರು ಅದನ್ನು ಇಲಾಖೆಯಿಂದ ಕೊಡುವುದು ಬೇಡ ಅಂತ ನಿಲ್ಲಿಸಿದರು. ಆಗಲೇ ಜನರ ತಲೆಯಲ್ಲಿ ‘ಮುಜರಾಯಿ ದುಡ್ಡು ಮಸೀದಿಗೆ’ ಅನ್ನುವ ಸಾಲು ಕೂತಿದ್ದು. ಆದರೆ ಆ ದುಡ್ಡು ಯಾವ ಗುಡಿಯ ಹುಂಡಿಯದ್ದೂ ಅಲ್ಲ. ಸರ್ಕಾರದ ಖಜಾನೆಯಿಂದ, ಸರ್ಕಾರವೇ ತೆಗೆದುಕೊಂಡ ಭೂಮಿಯ ಬದಲಿಗೆ ಕೊಟ್ಟಿದ್ದು. ಹೋಗುತ್ತಿದ್ದ ದಾರಿ ಮಾತ್ರ ಒಂದೇ ಇಲಾಖೆ.

ಇನ್ನು, ಇಮಾಮರಿಗೆ ಗೌರವಧನ ಕೊಡುವುದಿಲ್ಲವೇ ಅಂತ ಯಾರಾದರೂ ಕೇಳಬಹುದು. ಕೊಡುತ್ತಾರೆ. ಅದು ಬೇರೆ ಇಲಾಖೆಯ ಬಜೆಟ್ಟು, ತೆರಿಗೆ ದುಡ್ಡು. ಮಾನಸ ಸರೋವರ ಯಾತ್ರೆಗೆ ಹೋಗುವವರಿಗೆ ಸಹಾಯಧನ ಕೊಡುವುದೂ ತೆರಿಗೆ ದುಡ್ಡಿನಿಂದಲೇ. ತೆರಿಗೆ ದುಡ್ಡನ್ನು ಯಾವ ಧರ್ಮಕ್ಕೂ ಕೊಡಬಾರದು ಅಂತ ವಾದಿಸಬಹುದು. ಅದು ಮರ್ಯಾದಸ್ಥ ವಾದ. ಆದರೆ ಆ ವಾದ ಮಾಡುವವರು ಎರಡನ್ನೂ ಒಟ್ಟಿಗೆ ಕೇಳಬೇಕಾಗುತ್ತದೆ. ನಮ್ಮ ಸಂವಿಧಾನದ 27ನೇ ವಿಧಿ ತಡೆಯುವುದು, ಒಂದು ಧರ್ಮವನ್ನು ಬೆಳೆಸುವುದಕ್ಕೆಂದೇ ಮೀಸಲಾದ ತೆರಿಗೆ ಹಾಕುವುದನ್ನು. ಸಾಮಾನ್ಯ ಬಜೆಟ್ಟಿನಿಂದ ಸ್ವಲ್ಪ ಖರ್ಚು ಮಾಡಿದರೆ ಅದು ತಪ್ಪಲ್ಲ ಅಂತ ಹಜ್ ಸಹಾಯಧನದ ಕೇಸಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸಹಾಯಧನ 2018ರಲ್ಲಿ ನಿಂತುಹೋಯಿತು.

ಈಗ ನಿಮ್ಮ ಮಗಳ ಮಾತಿಗೆ ಬರೋಣ. ಆಕೆ ಹೇಳುವುದು ಸರಿ, ಆದರೆ ಅದು ಅಮೆರಿಕದ ಕಥೆ. ಅಲ್ಲಿ 1791ರಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು, ಯಾರ ಆಚರಣೆಯನ್ನೂ ತಡೆಯಬಾರದು ಅಂತ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಒಂದು ಕಾಗದದಲ್ಲಿ ಇದನ್ನು ಚರ್ಚಿಗೂ ಸರ್ಕಾರಕ್ಕೂ ನಡುವಿನ ಗೋಡೆ ಅಂದರು. ಆ ಕಾಗದ ಬರೆದದ್ದು ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದವರಿಗೆ. ಅವರು ತಮ್ಮ ರಾಜ್ಯದಲ್ಲಿ ಸಣ್ಣ ಪಂಗಡ, ದೊಡ್ಡ ಪಂಗಡಕ್ಕೆ ಸರ್ಕಾರದ ಬೆಂಬಲ ಇದ್ದಿದ್ದರಿಂದ ಹೆದರಿದ್ದರು. ಅಂದರೆ ಆ ಗೋಡೆಯನ್ನು ಕೇಳಿದ್ದು ಧರ್ಮ ಬೇಡ ಅನ್ನುವವರಲ್ಲ, ಭಕ್ತರೇ. ಇದು ನನಗೆ ಬಹಳ ಇಷ್ಟವಾದ ವಿಷಯ.

ಆದರೆ ಎಲ್ಲ ದೇಶದಲ್ಲೂ ಹಾಗೇ ಇದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ರಾಜರೇ ಅಲ್ಲಿನ ಚರ್ಚಿನ ಮುಖ್ಯಸ್ಥರು, 26 ಬಿಷಪ್‌ಗಳಿಗೆ ಮೇಲ್ಮನೆಯಲ್ಲಿ ಜಾಗವಿದೆ. ಜರ್ಮನಿಯಲ್ಲಿ ಚರ್ಚಿನ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿಕೊಡುತ್ತದೆ. ಎಲ್ಲಕ್ಕಿಂತ ಕಟ್ಟುನಿಟ್ಟು ಅನ್ನುವ ಫ್ರಾನ್ಸಿನಲ್ಲಿ 1905ರ ಕಾಯ್ದೆ ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿತು. ಆದರೆ ಅದಕ್ಕೂ ಹಿಂದೆ ಕಟ್ಟಿದ ಚರ್ಚುಗಳಲ್ಲಿ ಬಹುಪಾಲು ಇವತ್ತಿಗೂ ಸರ್ಕಾರದ ಅಥವಾ ಊರಿನ ಆಡಳಿತದ ಆಸ್ತಿ. 2019ರಲ್ಲಿ ಬೆಂಕಿಗೆ ಸಿಕ್ಕ ಪ್ಯಾರಿಸ್ಸಿನ ನೋಟ್ರ ಡಾಮ್ ಸರ್ಕಾರದ ಕಟ್ಟಡ. ದುರಸ್ತಿ ಮಾಡಿಸಿದ್ದೂ ಸರ್ಕಾರ ರಚಿಸಿದ ಸಂಸ್ಥೆಯೇ.

ನಮ್ಮ ದೇಶ ಈ ಯಾವ ಅಚ್ಚಿನಲ್ಲೂ ಎರಕವಾಗಿಲ್ಲ. ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. ಗುಡಿಯನ್ನು ಸರ್ಕಾರದಿಂದ ಬೇರೆ ಮಾಡುವ ಪ್ರಯೋಗ ನಮ್ಮಲ್ಲಿ ಒಂದು ಸಲ ಆಗಿಹೋಗಿದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1817ರಿಂದ ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿ ಸರ್ಕಾರವೇ ದೇವಸ್ಥಾನಗಳ ಆಸ್ತಿ ನೋಡಿಕೊಳ್ಳುತ್ತಿತ್ತು. ದಕ್ಷಿಣ ಕನ್ನಡ ಆಗ ಅದೇ ಪ್ರಾಂತ್ಯದಲ್ಲಿತ್ತು. ಕ್ರಿಶ್ಚಿಯನ್ ಸರ್ಕಾರ ವಿಗ್ರಹಾರಾಧನೆಗೆ ಸಹಾಯ ಮಾಡುವುದೇ ಅಂತ ಮಿಷನರಿಗಳು ಗಲಾಟೆ ಎಬ್ಬಿಸಿದರು. ಕೊನೆಗೆ 1863ರ ಕಾಯ್ದೆ ಬಂದು, ಸರ್ಕಾರ ಕೈ ತೊಳೆದುಕೊಂಡಿತು. ಗುಡಿಗಳು ಧರ್ಮದರ್ಶಿಗಳ ಮತ್ತು ಸ್ಥಳೀಯ ಸಮಿತಿಗಳ ಕೈಗೆ ಹೋದವು. ಆಮೇಲೆ ಎಷ್ಟೋ ಕಡೆ ದೇವರ ಜಮೀನು ಧರ್ಮದರ್ಶಿಗಳ ಮನೆ ಸೇರಿತು. ಕೇಳುವವರು ಯಾರೂ ಇರಲಿಲ್ಲ, ಕೇಳಬೇಕೆಂದರೆ ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಊರಿನ ರೈತ ಎಲ್ಲಿ ಹೋಗುತ್ತಾನೆ? ಭಕ್ತರ ದೂರು ಬೆಳೆದು ಬೆಳೆದು, 1920ರ ದಶಕದಲ್ಲಿ ಮದ್ರಾಸಿನಲ್ಲಿ ಹೊಸ ಕಾಯ್ದೆ ಬಂತು. ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ಇಲಾಖೆ ಮೊದಲೇ ಇತ್ತು, 1927ರಲ್ಲಿ ಅದಕ್ಕೂ ಕಾಯ್ದೆಯ ಚೌಕಟ್ಟು ಸಿಕ್ಕಿತು. ಹೀಗೆ ಮುಂಬೈ, ಹೈದರಾಬಾದ್, ಕೊಡಗು ಸೇರಿ ಐದು ಬೇರೆ ಬೇರೆ ಕಾಯ್ದೆಗಳು ಕರ್ನಾಟಕದಲ್ಲಿ ಉಳಿದುಕೊಂಡವು. ಅವನ್ನೆಲ್ಲ ಒಂದು ಮಾಡಿದ್ದು 1997ರ ಧಾರ್ಮಿಕ ದತ್ತಿ ಕಾಯ್ದೆ. ಜಾರಿಗೆ ಬಂದದ್ದು 2003ರ ಮೇ 1ಕ್ಕೆ. 2006ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಸಂವಿಧಾನ ಎಳೆದ ಗೆರೆ ಬೇರೆ ರೀತಿಯದ್ದು. ಪೂಜೆ ಭಕ್ತರದ್ದು, ಲೆಕ್ಕ ಕಾನೂನಿನದ್ದು. 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ, ಜೊತೆಗೆ ಧರ್ಮಕ್ಕೆ ಅಂಟಿಕೊಂಡ ಹಣಕಾಸಿನ ವ್ಯವಹಾರವನ್ನು ಸರ್ಕಾರ ನಿಯಂತ್ರಿಸಬಹುದು ಅನ್ನುತ್ತದೆ. 26ನೇ ವಿಧಿ ಪಂಗಡಗಳಿಗೆ ತಮ್ಮ ಧಾರ್ಮಿಕ ವಿಷಯ ತಾವೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ. ಈ ಗೆರೆ ಎಲ್ಲಿದೆ ಅಂತ ಮೊದಲು ತೋರಿಸಿದ ಕೇಸು ನಮ್ಮ ಉಡುಪಿಯದ್ದೇ. ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಸ್ವಾಮಿಗಳು ಮದ್ರಾಸ್ ಸರ್ಕಾರದ ವಿರುದ್ಧ ಹೋರಾಡಿದರು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಯಾವುದು ಧರ್ಮದ ತಿರುಳು ಅನ್ನುವುದನ್ನು ಆ ಧರ್ಮದ ನಂಬಿಕೆಯಿಂದಲೇ ತಿಳಿಯಬೇಕು, ಹೊರಗಿನ ಅಧಿಕಾರಿ ಹೇಳುವಂತಿಲ್ಲ. ಅಧಿಕಾರಿ ಹೊತ್ತುಗೊತ್ತಿಲ್ಲದೆ ಗರ್ಭಗುಡಿಗೋ ಸ್ವಾಮಿಗಳ ಖಾಸಗಿ ಕೋಣೆಗೋ ನುಗ್ಗುವಂಥ ಕಲಮು ನಿಲ್ಲುವುದಿಲ್ಲ. ಆದರೆ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು. ಎಪ್ಪತ್ತು ವರ್ಷ ಕಳೆದರೂ ನಾವು ವಕೀಲರು ಇವತ್ತಿಗೂ ಅದೇ ತೀರ್ಪು ಹಿಡಿದು ವಾದಿಸುತ್ತೇವೆ.

ಹಿಂದೂ ಗುಡಿಗಳಿಗೆ ಮಾತ್ರ ಈ ಕಟ್ಟುಪಾಡು ಅನ್ನುವುದು ಅರ್ಧ ನಿಜ. ವಕ್ಫ್ ಆಸ್ತಿಗಳಿಗೂ ಕಾಯ್ದೆಯ ಮಂಡಳಿ ಇದೆ, ಅವೂ ಆದಾಯದ ಪಾಲು ಕಟ್ಟಬೇಕು. ಮೊದಲು ಶೇ 7 ಇತ್ತು, 2025ರ ತಿದ್ದುಪಡಿ ಅದನ್ನು ಗರಿಷ್ಠ ಶೇ 5 ಮಾಡಿತು. ಪಂಜಾಬಿನ ಗುರುದ್ವಾರಗಳಿಗೆ 1925ರಿಂದ ಕಾಯ್ದೆ ಇದೆ, ಆದರೆ ಅಲ್ಲಿ ಆಡಳಿತ ಮಂಡಳಿಯನ್ನು ಸಿಖ್ಖರೇ ಮತ ಹಾಕಿ ಆರಿಸುತ್ತಾರೆ. ಚರ್ಚುಗಳು ಸಾಮಾನ್ಯ ಟ್ರಸ್ಟ್, ಸೊಸೈಟಿ ಕಾನೂನುಗಳ ಅಡಿ ನಡೆಯುತ್ತವೆ. ನಮ್ಮ ಗುಡಿಗಳ ಮೇಲೆ ಇರುವ ಹಾಗೆ ನೇರವಾಗಿ ಇಲಾಖೆಯ ಆಯುಕ್ತರು, ತಹಶೀಲ್ದಾರರು ಕೂತಿರುವುದು ಬೇರೆ ಕಡೆ ಇಲ್ಲ. ಈ ಅಸಮಾನತೆ ನಿಜ. ಅದನ್ನು ಹೇಳುವವರನ್ನು ಬಾಯಿ ಮುಚ್ಚಿಸುವುದು ತಪ್ಪು. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಲೆಕ್ಕ ಕೇಳಲಿ, ಆದರೆ ಯಜಮಾನಿಕೆ ಮಾಡುವುದು ಬೇಡ. ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ ಚಿದಂಬರಂ ನಟರಾಜ ದೇವಸ್ಥಾನದ ಕೇಸಿನಲ್ಲಿ ಹೀಗೇ ಹೇಳಿದೆ. ದುರಾಡಳಿತ ಸರಿಪಡಿಸುವುದಕ್ಕೆ ಆಡಳಿತ ಕೈಗೆ ತೆಗೆದುಕೊಳ್ಳಬಹುದು, ಸರಿಯಾದ ಮೇಲೆ ವಾಪಸ್ ಕೊಡಬೇಕು.

ಇನ್ನು ನಿಮ್ಮ ಗುಡಿ. ಬಿಡಿಸಿಕೊಳ್ಳಬಹುದಾ? ಕೋರ್ಟಿಗೆ ಹೋಗಿ, ಇದು ಖಾಸಗಿ ಗುಡಿ ಅಥವಾ ಒಂದು ಪಂಗಡದ್ದು ಅಂತ ಸಾಧಿಸಬೇಕು. ಇನಾಂ ಇತ್ತು ಅಂದಮೇಲೆ ಹಳೆಯ ಇನಾಂ ದಾಖಲೆ, ಮುಜರಾಯಿ ರಿಜಿಸ್ಟರ್, ತಸ್ತಿಕ್ ಪಡೆದ ರಸೀದಿ ಎಲ್ಲವೂ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತವೆ. ಊರಿನ ಎಲ್ಲ ಜಾತಿಯವರೂ ಬಂದು ಪೂಜೆ ಮಾಡಿಸುವ ಗುಡಿ ಅದು. ಒಂದು ಪಂಗಡದ್ದು ಅಂತ ಹೇಳಲು ಹೊರಟರೆ ಊರೇ ಎರಡಾಗುತ್ತದೆ. ಅಂಥದ್ದು ನನ್ನ ಕಣ್ಣೆದುರೇ ಆಗಿದೆ. ಕೇಸು ಹಾಕಿದ ಹಿರಿಯರು ತೀರಿಕೊಂಡು, ಮಕ್ಕಳು ಪರಸ್ಪರ ಮಾತು ಬಿಟ್ಟು, ಗುಡಿಗೆ ಎರಡು ಬೀಗ ಬಿದ್ದಿತ್ತು. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದಂಥ ದೊಡ್ಡ ಕ್ಷೇತ್ರದಲ್ಲೂ 2008ರಲ್ಲಿ ಮಠಕ್ಕೆ ಕೊಟ್ಟದ್ದನ್ನು 2018ರಲ್ಲಿ ಹೈಕೋರ್ಟ್ ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದಲ್ಲಿ ಸಮಿತಿ ಮಾಡಿತು. ಒಂದು ಸಣ್ಣ ಹಳ್ಳಿಗೆ ಅಷ್ಟು ವರ್ಷ ತಾಳುವ ಶಕ್ತಿ ಇದೆಯೇ ಯೋಚಿಸಿ. ಕಾನೂನೇ ಬದಲಾಗಲಿ ಅಂತ ಕಾಯಬಹುದು. 2021ರ ಕೊನೆಯಲ್ಲಿ ಆಗಿನ ಮುಖ್ಯಮಂತ್ರಿಗಳು ದೇವಸ್ಥಾನಗಳಿಗೆ ಸ್ವಾತಂತ್ರ್ಯ ಕೊಡುವ ಕಾನೂನು ತರುತ್ತೇವೆ ಅಂದಿದ್ದರು. ಅದು ಬರಲಿಲ್ಲ. ಅಷ್ಟರವರೆಗೆ ಸೂರು ಸೋರುತ್ತಲೇ ಇರುತ್ತದೆ.

ಹುಡುಗರ ಟ್ರಸ್ಟಿನ ವಿಷಯ ನನಗೆ ಎಲ್ಲಕ್ಕಿಂತ ಚಿಂತೆ ತಂದಿದೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ? ದೇವಸ್ಥಾನದ ಆವರಣದಲ್ಲಿ ದೇವರ ಹೆಸರಿನಲ್ಲಿ ಎತ್ತಿದ ದುಡ್ಡು ದೇವಸ್ಥಾನದ್ದೇ. ರಸೀದಿ ಇಲ್ಲದೆ ಒಬ್ಬನ ಸ್ವಂತ ಖಾತೆಗೆ ಹೋದರೆ, ನಾಳೆ ಒಂದು ದೂರು ಬಿದ್ದರೂ ಸಾಕು, ಅವನ ಮೇಲೆ ಕ್ರಿಮಿನಲ್ ಕೇಸು ಆಗಬಹುದು. ಅರ್ಚಕರು ಹೆದರಿರುವುದು ಸುಮ್ನೆ ಅಲ್ಲ, ಅವರ ತಸ್ತಿಕ್ ಅವರ ಅನ್ನ. ಹುಂಡಿಯ ದುಡ್ಡಿಗೆ ಯಾರೂ ಲೆಕ್ಕ ಕೊಡುತ್ತಿಲ್ಲ ಅಂತ ಸಿಟ್ಟಾದವರು, ತಾವೂ ಲೆಕ್ಕ ಕೊಡದ ಇನ್ನೊಂದು ಡಬ್ಬಿ ಇಡಬಾರದು. ಆ ಹುಡುಗರನ್ನು ಬೈಯಬೇಡಿ. ಕೂರಿಸಿಕೊಂಡು ಇಷ್ಟು ಹೇಳಿ, ಕೋಡ್ ತೆಗೆಸಿ, ಬಂದಷ್ಟು ದುಡ್ಡನ್ನು ರಸೀದಿ ಪಡೆದು ದೇವಸ್ಥಾನದ ಖಾತೆಗೆ ಕಟ್ಟಿಸಿ.

ನನಗೆ ಸರಿ ಅನ್ನಿಸುವ ದಾರಿ ವ್ಯವಸ್ಥಾಪನಾ ಸಮಿತಿ. ಕಾಯ್ದೆಯಲ್ಲೇ ಇದೆ. ಒಂಬತ್ತು ಜನ, ಅದರಲ್ಲಿ ಅರ್ಚಕರು, ಪರಿಶಿಷ್ಟರು, ಮಹಿಳೆಯರು, ಸ್ಥಳೀಯರು ಇರಬೇಕು. ಅವಧಿ ಮೂರು ವರ್ಷ. ನಿಮ್ಮಂಥ ಗುಡಿಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಧಾರ್ಮಿಕ ಪರಿಷತ್ತು ಇದನ್ನು ರಚಿಸುತ್ತದೆ. ಆರು ವರ್ಷದಿಂದ ಇಲ್ಲ ಅಂದರೆ ಇಲಾಖೆಯ ಉದಾಸೀನವೂ ಇದೆ, ಊರಿನವರು ಅರ್ಜಿ ಹಾಕದಿರುವುದೂ ಇದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಸಮಿತಿಯೊಳಗೆ ಪಕ್ಷದ ರಾಜಕೀಯ ನುಗ್ಗುತ್ತದೆ, ಶಾಸಕರ ಶಿಫಾರಸು ಪತ್ರಗಳು ಓಡಾಡುತ್ತವೆ. ಅದಕ್ಕೇ ನೀವು ಮೊದಲು ಊರಿನಲ್ಲಿ ಸಭೆ ಸೇರಿ, ಎಲ್ಲ ಕೇರಿಯವರೂ ಒಪ್ಪುವ ಹೆಸರುಗಳನ್ನು ಆರಿಸಿ, ಅವರಿಂದಲೇ ಅರ್ಜಿ ಹಾಕಿಸಿ. ನಾಲ್ಕು ಬಣ ನಾಲ್ಕು ಪಟ್ಟಿ ಕೊಟ್ಟರೆ ಕಡತ ಅಲ್ಲೇ ಮಲಗುತ್ತದೆ.

ಸಮಿತಿ ಆಗುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಇಲಾಖೆ ಸರ್ಕಾರದ್ದು ಆಗಿರುವುದರಿಂದ ಒಂದು ಲಾಭವಿದೆ. ಮಾಹಿತಿ ಹಕ್ಕಿನ ಅರ್ಜಿ ಅಲ್ಲಿ ನಡೆಯುತ್ತದೆ, ಖಾಸಗಿ ಟ್ರಸ್ಟಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. 10 ರೂಪಾಯಿ ಕಟ್ಟಿ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ. ಕಳೆದ ಆರು ವರ್ಷದ ಹುಂಡಿ ಮಹಜರಿನ ನಕಲು, ದೇವಸ್ಥಾನದ ಬ್ಯಾಂಕ್ ಖಾತೆಯ ವಿವರ, ತಸ್ತಿಕ್ ಬಿಡುಗಡೆಯಾದ ದಿನಾಂಕಗಳು, ಲೆಕ್ಕಪರಿಶೋಧನೆಯ ವರದಿ ಇಷ್ಟನ್ನು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಕಾಗದವನ್ನು ಗುಡಿಯ ನೋಟಿಸ್ ಬೋರ್ಡಿಗೆ ಹಾಕಿ, ವಾಟ್ಸಾಪ್ ಗುಂಪಿಗೂ ಹಾಕಿ. ಲೆಕ್ಕ ಸರಿ ಇದ್ದರೆ ಹುಂಡಿಯ ಮೇಲಿನ ಅನುಮಾನ ಹೋಗುತ್ತದೆ, ಸರಿ ಇಲ್ಲದಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗುತ್ತದೆ.

ಜೊತೆಗೆ ಸೋರುವ ಗರ್ಭಗುಡಿಯ ಫೋಟೋ ತೆಗೆದು, ಒಬ್ಬ ಎಂಜಿನಿಯರಿಂದ ಅಂದಾಜು ಪಟ್ಟಿ ಮಾಡಿಸಿ, ದುರಸ್ತಿ ಅನುದಾನಕ್ಕೆ ತಹಶೀಲ್ದಾರರ ಮೂಲಕ ಇಲಾಖೆಗೆ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಗುಡಿ ಹಳೆಯದಾಗಿದ್ದರೆ ಸಿಮೆಂಟ್ ಮೆತ್ತುವ ಮೊದಲು ಪುರಾತತ್ವ ಇಲಾಖೆಯನ್ನೂ ಒಂದು ಮಾತು ಕೇಳಿ. ಆತುರದ ಜೀರ್ಣೋದ್ಧಾರದಲ್ಲಿ ಶಾಸನದ ಕಲ್ಲುಗಳೇ ಮೆಟ್ಟಿಲಾದದ್ದನ್ನು ನೋಡಿ ಹೊಟ್ಟೆ ಉರಿದಿದೆ. ಮುಂದಿನ ಸಲ ಹುಂಡಿ ಒಡೆಯುವ ದಿನ ಯಾವುದು ಅಂತ ಈಗಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಆ ದಿನ ಟ್ರಸ್ಟಿನ ಹುಡುಗರನ್ನೇ ಎಣಿಸುವುದಕ್ಕೆ ಕೂರಿಸಿ, ಮಹಜರಿಗೆ ಅವರಿಂದಲೂ ಸಹಿ ಹಾಕಿಸಿ.